ಕೇಳಿಸಿತು, ದಾಖಲಾಗಲಿಲ್ಲ

ನನ್ನ ಬಳಿ ವಿಜ್ಞಾನ ಕಲಿತವರಿಗೆ ‘ಶಬ್ದ’ ಎಂಬ ಪಾಠ ನೆನಪಿರಬಹುದು. ಟ್ಯೂನಿಂಗ್ ಫೋರ್ಕನ್ನು ರಬ್ಬರಿನ ತುಂಡಿಗೆ ಬಡಿದು, ಅದರ ತುದಿಯನ್ನು ನೀರು ತುಂಬಿದ ಲೋಟಕ್ಕೆ ತಾಗಿಸಿ ನೀರು ಚಿಮ್ಮಿಸುವುದು ನನ್ನ ಪ್ರತಿ ವರ್ಷದ ಪ್ರಯೋಗವಾಗಿತ್ತು. ಮುಂದಿನ ಬೆಂಚಿನವರ ಪುಸ್ತಕ ಒದ್ದೆಯಾಗುತ್ತಿತ್ತು, ಹಿಂದಿನ ಬೆಂಚಿನವರು ನಗುತ್ತಿದ್ದರು. ಶಬ್ದವೆಂದರೆ ಕಂಪನ, ಕಂಪನ ಸಾಗಲು ಮಾಧ್ಯಮ ಬೇಕು ಎಂದು ಮೂವತ್ತಕ್ಕೂ ಹೆಚ್ಚು ವರ್ಷ ಹೇಳಿಕೊಂಡು ಬಂದ ನಾನು ಅದೇ ಶಬ್ದದ ವಿಷಯದಲ್ಲಿ ಒಂದು ದೊಡ್ಡ ತಪ್ಪು ಮಾಡಿದೆ. ಇಷ್ಟು ವರ್ಷ ಮನೆಯವರನ್ನು ಬಿಟ್ಟು ಯಾರಲ್ಲಿಯೂ ಅದನ್ನು ಹೇಳಿಕೊಂಡಿರಲಿಲ್ಲ. 2024ರಲ್ಲಿ ನಡೆದ ಒಂದು ಸಂಗತಿಯಿಂದಾಗಿ ಈಗ ಬರೆಯಬಹುದೆನಿಸಿದೆ. ನಡುನಡುವೆ ಗಣಕದ ಪಾಠವೂ ಬರುತ್ತದೆ. ಬೇಸರವಾದವರು ಅಂದಿನಂತೆಯೇ ಕಿಟಕಿಯ ಹೊರಗೆ ನೋಡುತ್ತಿರಬಹುದು. ಸೀಮೆಸುಣ್ಣ ಎಸೆಯುವ ವಯಸ್ಸು ನನಗೂ ದಾಟಿದೆ.

1984ರ ಬೇಸಿಗೆ ರಜೆ. ಸಾಗರ ತಾಲ್ಲೂಕಿನ ನಮ್ಮ ಹಳ್ಳಿಯ ಮನೆಯಲ್ಲಿ ಹಲಸಿನ ಹಪ್ಪಳದ ಕೆಲಸ ನಡೆದಿತ್ತು. ಭಾವನವರಿಂದ ಎರವಲು ತಂದಿದ್ದ ಟೇಪ್ ರೆಕಾರ್ಡರಿನಲ್ಲಿ ಅಮ್ಮನ ಹಾಡುಗಳನ್ನು ಮುದ್ರಿಸಿಕೊಳ್ಳಬೇಕೆಂದು ನಾನು ಹಟ ಹಿಡಿದಿದ್ದೆ. ಅಮ್ಮನಿಗೆ ಮದುವೆಯ ಹಾಡುಗಳೆಲ್ಲ ಬಾಯಿಗೆ ಬರುತ್ತಿದ್ದವು: ಎಣ್ಣೆ ಹಚ್ಚುವ ಹಾಡು, ಹಸೆಗೆ ಕರೆಯುವ ಹಾಡು, ಆರತಿಯ ಹಾಡು. ಅವು ಯಾವ ಪುಸ್ತಕದಲ್ಲಿಯೂ ಇರಲಿಲ್ಲ; ಅವಳ ತಾಯಿಯಿಂದ ಅವಳಿಗೆ ಬಂದವು. ವಿದ್ಯುತ್ತು ಕೈಕೊಟ್ಟಿದ್ದರಿಂದ ಟಾರ್ಚಿನ ಸೆಲ್ಲುಗಳನ್ನು ತೆಗೆದು ರೆಕಾರ್ಡರಿಗೆ ಹಾಕಿದ್ದೆ. ಅದಕ್ಕಾಗಿ ಅಪ್ಪಯ್ಯ ಗೊಣಗಿದ್ದೂ ನೆನಪಿದೆ. ಅರುವತ್ತು ನಿಮಿಷದ ಒಂದು ಕ್ಯಾಸೆಟ್ಟು ಎರಡೂ ಬದಿ ತುಂಬಿತು. ಮೊದಲನೆಯ ಬದಿಯ ಕೊನೆಗೆ ಹಾಡು ಮುಗಿದ ಮೇಲೂ ಟೇಪು ಓಡುತ್ತಲೇ ಇತ್ತು. ಆಗ ಅಮ್ಮ ನನ್ನ ಕಡೆ ತಿರುಗಿ, “ಅಪ್ಪೀ, ಇದು ಇನ್ನೂ ತಿರುಗ್ತಾ ಇದ್ದಾ?” ಎಂದು ಕೇಳಿದ್ದಳು. ಆ ಮಾತೂ ಟೇಪಿನೊಳಗೆ ಸೇರಿಹೋಯಿತು. ಅಮ್ಮ 1991ರಲ್ಲಿ ತೀರಿಕೊಂಡಳು. ಅವಳು ಹಾಡಿದ್ದಕ್ಕೂ, ಮಾತಾಡಿದ್ದಕ್ಕೂ ಉಳಿದ ಸಾಕ್ಷಿ ಆ ಕ್ಯಾಸೆಟ್ಟು ಒಂದೇ.

ನಾನು ನಿವೃತ್ತನಾದದ್ದು 2004ರಲ್ಲಿ. ಮರು ವರ್ಷ ಮನೆಗೆ ಕಂಪ್ಯೂಟರ್ ಬಂತು. ಕ್ಯಾಸೆಟ್ಟನ್ನು ಅದರೊಳಕ್ಕೆ ಇಳಿಸಿ ಸಿ.ಡಿ. ಮಾಡಿ ತಮ್ಮ-ತಂಗಿಯರಿಗೆಲ್ಲ ಹಂಚಬೇಕೆಂಬುದೇ ಅದನ್ನು ಕೊಳ್ಳಲು ನಾನು ಮನೆಯಲ್ಲಿ ಕೊಟ್ಟ ಕಾರಣ. ಆದರೆ ಕೆಲವೇ ತಿಂಗಳಿಗೆ ವೈರಸ್ ಬಡಿದು, ಅಂಗಡಿಯವರು ವಿಂಡೋಸನ್ನು ಅಳಿಸಿ ಮತ್ತೆ ಹಾಕಿಕೊಟ್ಟರು. ಯಂತ್ರವನ್ನು ಮನೆಗೆ ತಂದು ನೋಡಿದರೆ ಎಲ್ಲವೂ ಇದೆ, ಧ್ವನಿ ಮಾತ್ರ ಇಲ್ಲ. ಸಲಕರಣೆಗಳ ಪಟ್ಟಿಯಲ್ಲಿ ‘ಮಲ್ಟಿಮೀಡಿಯಾ ಆಡಿಯೊ ಕಂಟ್ರೋಲರ್’ ಎಂಬುದರ ಪಕ್ಕ ಹಳದಿ ಬಣ್ಣದ ಪ್ರಶ್ನಾರ್ಥಕ ಚಿಹ್ನೆ. ‘ಡ್ರೈವರ್ ಸಿ.ಡಿ. ತನ್ನಿ’ ಎಂದರು. ಅದನ್ನು ನನಗೆ ಕೊಟ್ಟಿದ್ದೇವೆಂದು ಅವರು, ಕೊಟ್ಟೇ ಇಲ್ಲವೆಂದು ನಾನು. ಹೀಗೆ ಎರಡು ತಿಂಗಳು ಕಳೆಯಿತು.

ಆಗ ನೆರವಿಗೆ ಬಂದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. (ಹೆಸರು ಹಾಕಿದರೆ ಅವನಿಗೆ ಸಂಕೋಚ, ಅವನ ಸಹಪಾಠಿಗಳಿಗೆ ಹೇಗೂ ಗೊತ್ತಾಗುತ್ತದೆ.) ಅಂಚೆಯಲ್ಲಿ ಬಂದ ಒಂದು ಸಿ.ಡಿ.ಯನ್ನು ಅವನು ತಂದಿದ್ದ. ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯ ಸಿ.ಡಿ. ಅದು. 2005ರಿಂದ 2011ರವರೆಗೆ, ಕೇಳಿದವರಿಗೆಲ್ಲ ಅಂಚೆವೆಚ್ಚವನ್ನೂ ತೆಗೆದುಕೊಳ್ಳದೆ ಅದನ್ನು ಕಳುಹಿಸುತ್ತಿದ್ದರು. ಪುಕ್ಕಟೆ ಕೊಡುವ ವಸ್ತುವಿನ ಬಗ್ಗೆ ಮೇಷ್ಟರಿಗೆ ಸಹಜವಾಗಿಯೇ ಅನುಮಾನ. ಆದರೆ ಸಿ.ಡಿ. ಹಾಕಿ ಯಂತ್ರವನ್ನು ಚಾಲೂ ಮಾಡಿದ ಕೆಲವು ನಿಮಿಷಗಳಲ್ಲಿಯೇ ಸ್ಪೀಕರಿನಿಂದ ತಮಟೆಯಂಥ ಒಂದು ನಾದ ಹೊರಟಿತು. ಡ್ರೈವರ್ ಸಿ.ಡಿ. ಇಲ್ಲ, ಅಂಗಡಿ ಇಲ್ಲ, ಹಳದಿ ಚಿಹ್ನೆಯೂ ಇಲ್ಲ. “ಇದು ಹೇಗೋ?” ಎಂದೆ. “ಡ್ರೈವರುಗಳೆಲ್ಲ ಇದರ ಹೊಟ್ಟೆಯೊಳಗೇ ಇವೆ ಸಾರ್,” ಎಂದ.

ಆ ಹೊಟ್ಟೆಯೊಳಗಿನ ಕಥೆಯನ್ನು ನಾನು ಅನಂತರ ಓದಿ ತಿಳಿದುಕೊಂಡೆ. ಸೌಂಡ್ ಕಾರ್ಡ್ ಮಾಡುವ ಕೆಲಸ ಮೂಲತಃ ಸರಳವಾದದ್ದು. ತಂತಿಯಲ್ಲಿ ಬರುವ ಏರಿಳಿತದ ವಿದ್ಯುತ್ತನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 65,536 ಮಟ್ಟಗಳಲ್ಲಿ ಒಂದಾಗಿ ಬರೆದುಕೊಳ್ಳುವುದು. ಕೇಳಿಸಬೇಕಾದಾಗ ಅದೇ ಅಂಕಿಗಳನ್ನು ಮತ್ತೆ ವಿದ್ಯುತ್ತಾಗಿ ಮಾರ್ಪಡಿಸುವುದು. ಸಿ.ಡಿ.ಯ ಗುಣಮಟ್ಟ ಇದು. ನನ್ನ ಒಂದು ಗಂಟೆಯ ಕ್ಯಾಸೆಟ್ಟು ಈ ಲೆಕ್ಕದಲ್ಲಿ, ಎಡ-ಬಲ ಎರಡೂ ಸೇರಿ, ಸುಮಾರು 63.5 ಕೋಟಿ ಬೈಟುಗಳಾಗುತ್ತವೆ. ಆದರೆ ಯಾವ ಕಾರ್ಡಿಗೆ ಯಾವ ಭಾಷೆಯಲ್ಲಿ ‘ಅಳೆ’ ಎನ್ನಬೇಕು, ಯಾವ ಭಾಷೆಯಲ್ಲಿ ‘ನಿಲ್ಲಿಸು’ ಎನ್ನಬೇಕು ಎಂಬುದು ಅದನ್ನು ತಯಾರಿಸಿದವರಿಗೆ ಗೊತ್ತು. ಆ ಭಾಷೆ ಬಲ್ಲ ದುಭಾಷಿಯೇ ಡ್ರೈವರ್. ತಯಾರಕರಲ್ಲಿ ಹೆಚ್ಚಿನವರು ವಿಂಡೋಸಿಗೆ ಮಾತ್ರ ದುಭಾಷಿಯನ್ನು ಕೊಟ್ಟು ಕೈತೊಳೆದುಕೊಂಡರು. ಲಿನಕ್ಸಿನವರು ಸಿಕ್ಕ ಕೈಪಿಡಿಗಳನ್ನು ಓದಿ, ಕೈಪಿಡಿ ಸಿಗದಿದ್ದಲ್ಲಿ ಊಹಿಸಿ, ತಾವೇ ಬರೆದುಕೊಳ್ಳಬೇಕಾಯಿತು.

ಮೊದಲು ಬರೆದವನು ಹನ್ನು ಸವೊಲೈನೆನ್ ಎಂಬ ಫಿನ್ಲೆಂಡಿನವನು. ಅದೇ ಫಿನ್ಲೆಂಡಿನಲ್ಲಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸನ್ನು ಹೊರತಂದಿದ್ದ. ಮರುವರ್ಷವೇ, 1992ರಲ್ಲಿ, ಸವೊಲೈನೆನ್ ಸೌಂಡ್ ಬ್ಲಾಸ್ಟರ್ ಕಾರ್ಡಿಗೆ ಡ್ರೈವರ್ ಬರೆದ. ಅದು ಬೆಳೆದು ‘ಓಪನ್ ಸೌಂಡ್ ಸಿಸ್ಟಮ್’ ಆಯಿತು. ಅದರಲ್ಲಿ ಸೌಂಡ್ ಕಾರ್ಡನ್ನು ಒಂದು ಕಡತವೆಂದೇ ಭಾವಿಸಲಾಗುತ್ತಿತ್ತು. ಧ್ವನಿಯ ಅಂಕಿಗಳನ್ನು ಆ ಕಡತಕ್ಕೆ ಸುರಿದರೆ ಸ್ಪೀಕರಿನಲ್ಲಿ ಕೇಳುತ್ತದೆ, ಅದರಿಂದ ಮೊಗೆದರೆ ಮೈಕಿನ ಧ್ವನಿ ಸಿಗುತ್ತದೆ. ನನ್ನ ವಿದ್ಯಾರ್ಥಿ ಹಾಸ್ಟೆಲಿನಲ್ಲಿದ್ದಾಗ ಕಾಗದದ ಕಡತ, ಚಿತ್ರದ ಕಡತ, ಸಿಕ್ಕಿದ್ದನ್ನೆಲ್ಲ ಅದಕ್ಕೆ ಸುರಿದು ಕರ್ಕಶ ಸದ್ದು ಬರಿಸಿ ನಗುತ್ತಿದ್ದರಂತೆ. ರೆಡ್ ಹ್ಯಾಟ್ ಲಿನಕ್ಸಿನಲ್ಲಿ ಸೌಂಡ್ ಕಾರ್ಡ್ ಹೊಂದಿಸಿದಾಗ ಪರೀಕ್ಷೆಗೆಂದು ಟೊರ್ವಾಲ್ಡ್ಸನ ಧ್ವನಿಯೇ ಕೇಳಿಸುತ್ತಿತ್ತು. ‘ಲಿನಕ್ಸ್’ ಎಂಬುದನ್ನು ತಾನು ಹೇಗೆ ಉಚ್ಚರಿಸುತ್ತೇನೆಂದು ಅವನು ಒಂದೇ ವಾಕ್ಯದಲ್ಲಿ ಹೇಳಿ ಸುಮ್ಮನಾಗುತ್ತಾನೆ. ರಾತ್ರಿಯಿಡೀ ಹೆಣಗಿ ಕೊನೆಗೆ ಆ ವಾಕ್ಯ ಕೇಳಿಸಿದಾಗ ಕೊಠಡಿಯವರೆಲ್ಲ ಚಪ್ಪಾಳೆ ತಟ್ಟಿದ್ದರೆಂದು ಅವನು ಹೇಳಿದ.

ತೊಂದರೆಯಿದ್ದದ್ದು ಬೇರೆಡೆ. ತರಗತಿಯಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಗಾಳಿಯೇ ಎರಡೂ ಅಲೆಗಳನ್ನು ಕೂಡಿಸುತ್ತದೆ. ಕೂಡಿಸಲು ಯಾರೂ ಬೇಕಿಲ್ಲ. ಗಣಕದಲ್ಲಿ ಹಾಗಲ್ಲ. ಎರಡು ತಂತ್ರಾಂಶಗಳು ಏಕಕಾಲಕ್ಕೆ ಸದ್ದು ಮಾಡಬೇಕಾದರೆ ಎರಡರ ಅಂಕಿಗಳನ್ನೂ ಯಾರಾದರೂ ಕೂಡಬೇಕು. ದುಬಾರಿ ಕಾರ್ಡುಗಳು ತಾವೇ ಕೂಡಿಕೊಳ್ಳುತ್ತಿದ್ದವು. ಅಗ್ಗದ ಕಾರ್ಡುಗಳಿಗೆ ಆ ಶಕ್ತಿಯಿಲ್ಲ. ಮೊದಲು ಬಾಗಿಲು ತೆರೆದವನದೇ ಕಾರ್ಡು, ಉಳಿದವರಿಗೆ ‘ಕಾರ್ಡು ಬಿಡುವಿಲ್ಲ’ ಎಂಬ ಉತ್ತರ. ಈ ಕೂಡುವ ಲೆಕ್ಕವನ್ನು ಎಲ್ಲಿ ಮಾಡಬೇಕು? ಕಾರ್ಡಿನಲ್ಲೋ, ವ್ಯವಸ್ಥೆಯ ತಿರುಳಾದ ಕರ್ನೆಲ್‌ನಲ್ಲೋ, ಅದರ ಹೊರಗೋ? ಲಿನಕ್ಸಿನವರು ಮೂವತ್ತು ವರ್ಷ ಧ್ವನಿಯ ಕುರಿತು ಆಡಿದ ಜಗಳದಲ್ಲಿ ಮುಕ್ಕಾಲು ಪಾಲು ಈ ಒಂದು ಕೂಡುವ ಲೆಕ್ಕದ ಜಗಳವೆಂದು ನನ್ನ ಎಣಿಕೆ.

ಇನ್ನೊಂದು ಜಗಳ ಹಕ್ಕಿನದು. ಸವೊಲೈನೆನ್‌ನ ಕೆಲಸದ ಹೊಸ ಹೊಸ ಆವೃತ್ತಿಗಳು ಹಣ ಕೊಟ್ಟು ಕೊಳ್ಳುವ ಸರಕಾದವು; ಲಿನಕ್ಸಿನೊಳಗೆ ಉಳಿದದ್ದು ಹಿಂದೆ ಬಿತ್ತು. ಇತ್ತ ಜೆಕ್ ದೇಶದ ಯರೊಸ್ಲಾವ್ ಕೈಸೆಲಾ ಎಂಬವನು ತನ್ನ ಗ್ರಾವಿಸ್ ಅಲ್ಟ್ರಾಸೌಂಡ್ ಕಾರ್ಡಿಗಾಗಿ ಬರೆಯತೊಡಗಿದ ಡ್ರೈವರು ಬೆಳೆದು ‘ಆಲ್ಸಾ’ ಎಂಬ ಪೂರ್ತಿ ಏರ್ಪಾಡಾಯಿತು. 2003ರ ಡಿಸೆಂಬರಿನಲ್ಲಿ ಬಂದ ಲಿನಕ್ಸ್ 2.6ರಲ್ಲಿ ಆಲ್ಸಾ ಅಧಿಕೃತವಾಯಿತು, ಹಳೆಯದು ಹಿಂದೆ ಸರಿಯಿತು. ಸವೊಲೈನೆನ್‌ನ ಕಂಪನಿ 2007ರಲ್ಲಿ ತನ್ನ ಕೆಲಸವನ್ನು ಮತ್ತೆ ಮುಕ್ತಗೊಳಿಸಿತು. ಆದರೆ ಅಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಮೊದಲು ದಾರಿ ಕಡಿದವನ ವಿಷಯದಲ್ಲಿ ನನಗೆ ಈಗಲೂ ಒಂದು ಮರುಕವಿದೆ. ಫ್ರೀಬಿಎಸ್‌ಡಿ ಎಂಬ ಇನ್ನೊಂದು ಮುಕ್ತ ವ್ಯವಸ್ಥೆ ಇಂದಿಗೂ ಅವನ ರೀತಿಯನ್ನೇ ಇಟ್ಟುಕೊಂಡು, ಕೂಡುವ ಲೆಕ್ಕವನ್ನು ಕರ್ನೆಲ್‌ನೊಳಗೇ ಮಾಡುತ್ತದೆಂಬುದು ಸಮಾಧಾನದ ಮಾತು.

ಇದಿಷ್ಟೂ ನಾನು ಆಮೇಲೆ ಓದಿದ್ದು. ಮೊದಲೇ ಓದಿದ್ದರೆ ಈ ಬರಹದ ಅಗತ್ಯ ಬೀಳುತ್ತಿರಲಿಲ್ಲ.

2006ರ ನವೆಂಬರಿನ ಒಂದು ಮಧ್ಯಾಹ್ನ. ಮನೆಯಲ್ಲಿ ನಾನೊಬ್ಬನೇ ಇದ್ದೆ. ಟೇಪ್ ರೆಕಾರ್ಡರಿನ ಹೆಡ್‌ಫೋನ್ ಕಿಂಡಿಯಿಂದ ತಂತಿಯೆಳೆದು ಗಣಕದ ಹಿಂಬದಿಯ ತಿಳಿನೀಲಿ ಕಿಂಡಿಗೆ ಚುಚ್ಚಿದೆ. ಹಸಿರು ಸ್ಪೀಕರಿಗೆ, ಗುಲಾಬಿ ಮೈಕಿಗೆ, ತಿಳಿನೀಲಿ ಹೊರಗಿನ ಧ್ವನಿ ಒಳಬರುವುದಕ್ಕೆ. ಇಷ್ಟನ್ನು ವಿದ್ಯಾರ್ಥಿ ಹೇಳಿಕೊಟ್ಟಿದ್ದ. ‘ನಾನು ಭಾನುವಾರ ಬರುತ್ತೇನೆ ಸಾರ್, ಕಾಯಿರಿ’ ಎಂದೂ ಹೇಳಿದ್ದ. ನನಗೆ ತಡೆಯಲಾಗಲಿಲ್ಲ. ಕ್ಯಾಸೆಟ್ಟು ಹಾಕಿ ಗುಂಡಿಯೊತ್ತಿದೆ. ಏನೂ ಕೇಳಲಿಲ್ಲ. ಪರದೆಯ ಮೇಲೆ ಧ್ವನಿ ಹೊಂದಿಸುವ ಕಿಟಕಿಯನ್ನು ತೆರೆದು ನೋಡಿದರೆ ‘ಲೈನ್’ ಎಂಬ ಕಂಬದ ಕೆಳಗಿನ ಸ್ಪೀಕರ್ ಚಿತ್ರದ ಮೇಲೆ ಅಡ್ಡಗೀಟು. ಅದನ್ನು ಒತ್ತಿದೆ. ಗೀಟು ಹೋಯಿತು; ಕೋಣೆಯಲ್ಲಿ ಅಮ್ಮನ ಧ್ವನಿ ತುಂಬಿತು.

ಹದಿನೈದು ವರ್ಷಗಳ ಮೇಲೆ ಕೇಳಿದ್ದು. ಟೇಪು ಹಾಳಾದೀತೆಂಬ ಭಯದಿಂದ ಅಷ್ಟು ವರ್ಷ ಅದನ್ನು ಹಾಕಿಯೇ ಇರಲಿಲ್ಲ. ಕ್ಯಾಸೆಟ್ಟನ್ನು ಮತ್ತೆ ಮೊದಲಿಗೆ ತಂದು, ಆಡಾಸಿಟಿ ಎಂಬ ತಂತ್ರಾಂಶದಲ್ಲಿ ಕೆಂಪು ಗುಂಡಿಯೊತ್ತಿ, ಕುರ್ಚಿಗೊರಗಿ ಕಣ್ಣು ಮುಚ್ಚಿದೆ. ಗಣಕದ ಸ್ಪೀಕರಿನಿಂದಲೇ ಧ್ವನಿ ಬರುತ್ತಿದೆ ಎಂದ ಮೇಲೆ ಗಣಕದೊಳಗೆ ಅದು ಹೋಗಿದೆಯೆಂದೇ ಅರ್ಥವಲ್ಲವೆ? ಅರ್ಧ ಗಂಟೆ ಕೇಳಿದೆ. ಹಸೆಗೆ ಕರೆಯುವ ಹಾಡಿನಲ್ಲಿ ಒಂದು ಕಡೆ ಅವಳಿಗೆ ಉಸಿರು ಸಾಲದೆ ಅರೆಕ್ಷಣ ನಿಲ್ಲುತ್ತಾಳೆ. ಅದು ಕೂಡ ಹಾಗೆಯೇ ಇತ್ತು. ಕೊನೆಗೆ “ಅಪ್ಪೀ, ಇದು ಇನ್ನೂ ತಿರುಗ್ತಾ ಇದ್ದಾ?” ಬಂತು. ಟೇಪು ಟಕ್ಕೆಂದು ನಿಂತಿತು. ಕನ್ನಡಕ ಒರೆಸಿಕೊಂಡು ಪರದೆಯನ್ನು ನೋಡಿದೆ.

ಧ್ವನಿಯ ಅಲೆಗಳ ಚಿತ್ರ ಇರಬೇಕಾದಲ್ಲಿ ಈ ತುದಿಯಿಂದ ಆ ತುದಿಯವರೆಗೆ ಒಂದು ನೆಟ್ಟಗಿನ ಗೆರೆ. ಮೂವತ್ತು ನಿಮಿಷಗಳ ಮೌನವನ್ನು ಯಂತ್ರ ಅಚ್ಚುಕಟ್ಟಾಗಿ ದಾಖಲಿಸಿಕೊಂಡಿತ್ತು.

ಆಗ ನಾನು ಮಾಡಬೇಕಾಗಿದ್ದದ್ದು ಎದ್ದು ಹೋಗಿ ಒಂದು ಲೋಟ ನೀರು ಕುಡಿಯುವುದು. ಮಾಡಿದ್ದು ಟೇಪನ್ನು ಹಿಂದಕ್ಕೆ ಸುತ್ತಲು ಗುಂಡಿಯೊತ್ತಿದ್ದು. ಹಳೆಯ ಯಂತ್ರ, ಸಡಿಲಾದ ಬೆಲ್ಟು. ಸುತ್ತಲಾರಂಭಿಸಿದ ಕೆಲವೇ ಕ್ಷಣಗಳಲ್ಲಿ ಟೇಪು ರೋಲರಿಗೆ ಸಿಕ್ಕಿಕೊಂಡು ಗೊರಗೊರ ಎಂದಿತು. ಗಾಬರಿಯಿಂದ ಮುಚ್ಚಳ ತೆರೆದು ಕ್ಯಾಸೆಟ್ಟನ್ನು ಎಳೆದೆ. ಕಂದುಬಣ್ಣದ ಟೇಪು ಮುದುಡಿ ಮುದ್ದೆಯಾಗಿ ಹೊರಬಂತು, ಎರಡು ಕಡೆ ಹರಿಯಿತು. ಅದು ಮೊದಲ ಬದಿಯ ಕೊನೆಯ ಭಾಗ. ಕ್ಯಾಸೆಟ್ಟಿನ ಎರಡು ಬದಿಗಳೆಂದರೆ ಒಂದೇ ಟೇಪಿನ ಅಗಲದ ಎರಡು ಪಾಲುಗಳಾದ್ದರಿಂದ, ಎರಡನೆಯ ಬದಿಯ ಆರಂಭವೂ ಅದರೊಡನೆಯೇ ಹೋಯಿತು. ಒಟ್ಟು ನಾಲ್ಕೂವರೆ ನಿಮಿಷದಷ್ಟು ಟೇಪು.

ಭಾನುವಾರ ವಿದ್ಯಾರ್ಥಿ ಬಂದಾಗ ನಾನು ಅವನ ಮೇಲೆಯೇ ರೇಗಿದೆ. ನಿನ್ನ ಪುಕ್ಕಟೆ ಸಿ.ಡಿ.ಯ ಹಣೆಬರಹ ಇಷ್ಟೇ ಎಂದೆ. ಅವನು ಮರುಮಾತಾಡದೆ ಕೇಳಿಸಿಕೊಂಡು, “ಕ್ಯಾಪ್ಚರ್ ಪುಟ ನೋಡಿದ್ರಾ ಸಾರ್?” ಎಂದು ಮೆಲ್ಲಗೆ ಕೇಳಿದ. ಆ ಕಿಟಕಿಯಲ್ಲಿ ಅಂಥದೊಂದು ಬೇರೆ ಪುಟವಿರುವುದನ್ನೇ ನಾನು ಗಮನಿಸಿರಲಿಲ್ಲ.

ಅವನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ. ಅಂದು ನನ್ನ ಗಣಕದಲ್ಲಿದ್ದದ್ದು ಮದರ್‌ಬೋರ್ಡಿನ ಮೇಲೆಯೇ ಕೂರಿಸಿದ, ಎ.ಸಿ. 97 ಎಂಬ ಮಾದರಿಯ ಧ್ವನಿಚಿಪ್ಪು. ತಿಳಿನೀಲಿ ಕಿಂಡಿಯಿಂದ ಒಳಬಂದ ಧ್ವನಿ ಅದರೊಳಗೆ ಕಾಲುವೆಯ ನೀರಿನಂತೆ ಎರಡಾಗಿ ಕವಲೊಡೆಯುತ್ತದೆ. ಒಂದು ಕವಲು ವಿದ್ಯುತ್ತಿನ ರೂಪದಲ್ಲಿಯೇ ನೇರವಾಗಿ ಸ್ಪೀಕರಿಗೆ ಹೋಗುತ್ತದೆ. ಅದು ಅಂಕಿಯಾಗುವುದೇ ಇಲ್ಲ, ಗಣಕದ ಬುದ್ಧಿಗೆ ಅದರ ಸುಳಿವೇ ಇರುವುದಿಲ್ಲ. ಇನ್ನೊಂದು ಕವಲು, ಅಳೆದು ಅಂಕಿ ಮಾಡುವ ಭಾಗದತ್ತ ಹೋಗುತ್ತದೆ. ಆದರೆ ಅದರ ಬಾಯಿಯಲ್ಲಿ ಒಂದು ಆಯ್ಕೆಯ ಗೇಟು ಇದೆ. ಮೈಕು, ಸಿ.ಡಿ., ಲೈನ್ ಮುಂತಾದ ಎಂಟು ಮೂಲಗಳಲ್ಲಿ ಒಂದಕ್ಕೆ ಮಾತ್ರ ಅದು ದಾರಿ ಬಿಡುತ್ತದೆ. ನನ್ನ ಗಣಕದಲ್ಲಿ ಅದು ಮೈಕಿನ ಕಡೆ ತೆರೆದಿತ್ತು. ಮೈಕಿನ ಗುಲಾಬಿ ಕಿಂಡಿಯಲ್ಲಿ ಏನೂ ಇರಲಿಲ್ಲ. ಇಲ್ಲದ ಮೈಕಿನ ಧ್ವನಿಯನ್ನು ಆಡಾಸಿಟಿ ನಿಷ್ಠೆಯಿಂದ ದಾಖಲಿಸಿತು. ಅಮ್ಮ ಪಕ್ಕದ ಕವಲಿನಲ್ಲಿ ಹಾದುಹೋದಳು.

“ಹಾಗಾದರೆ ಈ ಡ್ರೈವರು ತಾನಾಗಿಯೇ ಸರಿಯಾದ ಗೇಟನ್ನು ಯಾಕೆ ತೆರೆಯುವುದಿಲ್ಲ?” ಎಂದು ಕೇಳಿದೆ. “ಎಂಟರಲ್ಲಿ ನಿಮಗೆ ಬೇಕಾದದ್ದು ಯಾವುದೆಂದು ಅದಕ್ಕೆ ಹೇಗೆ ಗೊತ್ತಾಗಬೇಕು ಸಾರ್?” ಎಂದ. ಆಲ್ಸಾದ ಪದ್ಧತಿಯಲ್ಲಿ ಡ್ರೈವರು ಮೊದಲು ಎದ್ದಾಗ ಎಲ್ಲ ಕಂಬಗಳೂ ಮೂಕವಾಗಿಯೇ ಇರುತ್ತಿದ್ದವು. ಉಬುಂಟುವಿನಂಥವು ಹೊರಬರುವ ಧ್ವನಿಯನ್ನಷ್ಟೇ ತಾವಾಗಿ ತೆರೆದುಕೊಡುತ್ತಿದ್ದವು. ಹಿಂದಿನ ತುದಿಗೆ ಏನನ್ನು ಜೋಡಿಸಿದ್ದಾರೋ ತಿಳಿಯದು. ಮೈಕನ್ನೂ ಸ್ಪೀಕರನ್ನೂ ಒಟ್ಟಿಗೆ ತೆರೆದುಬಿಟ್ಟರೆ ಸಭಾಂಗಣದ ಮೈಕು ಊಳಿಡುವಂತೆ ಊಳಿಟ್ಟೀತು. ಆದ್ದರಿಂದ ಮೊದಲು ಮೌನ, ಆಮೇಲೆ ಬೇಕಾದವರೇ ತೆರೆದುಕೊಳ್ಳಲಿ ಎಂಬುದು ಏರ್ಪಾಡು. ಎಷ್ಟೋ ಜನ ಹೊಸಬರು ಈ ಮೌನವನ್ನೇ ಡ್ರೈವರಿನ ದೋಷವೆಂದು ತಿಳಿದು ಲಿನಕ್ಸನ್ನೇ ಬಿಟ್ಟು ಹೋಗಿದ್ದಾರಂತೆ. ತರಗತಿಗೆ ಕಾಲಿಟ್ಟೊಡನೆ ‘ಸೈಲೆನ್ಸ್’ ಎನ್ನುತ್ತಿದ್ದ ನನಗೆ ಇದರ ಮೇಲೆ ಬಯ್ಯಲು ಬಾಯಿ ಬರಲಿಲ್ಲ. ಓಪನ್‌ಬಿಎಸ್‌ಡಿ ಎಂಬ ಮುಕ್ತ ವ್ಯವಸ್ಥೆಯವರು 2018ರಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಲ್ಲಿ ಯಜಮಾನ ಒಪ್ಪಿಗೆ ಕೊಡುವವರೆಗೆ ಯಾವ ತಂತ್ರಾಂಶ ಧ್ವನಿಮುದ್ರಣಕ್ಕೆ ಹೊರಟರೂ ಅದಕ್ಕೆ ಬೇಕೆಂದೇ ಬರಿಯ ಮೌನವನ್ನು ಕೊಡಲಾಗುತ್ತದೆ; ಕದ್ದು ಕೇಳುವವರ ಭಯ.

ಆ ಭಾನುವಾರ ಅವನು ಕಪ್ಪು ಪರದೆಯಲ್ಲಿ ಆಲ್ಸಾಮಿಕ್ಸರ್ ತೆರೆದು, ‘ಲೈನ್’ ಕಂಬದ ಮೇಲೆ ಸ್ಪೇಸ್ ಕೀಲಿಯೊತ್ತಿ, ಕೆಂಪಕ್ಷರದ ‘ಕ್ಯಾಪ್ಚರ್’ ಮೂಡಿಸಿದ. ಹರಿದ ಟೇಪಿನ ಉಳಿದ ಭಾಗವನ್ನು ಜೋಡಿಸಿ ಎರಡೂ ಬದಿಗಳನ್ನು ದಾಖಲಿಸಿದೆವು. ನಿಮ್ಮಲ್ಲಿ ಬಂಧುಗಳಾದವರಿಗೆ ನಾನು ಕೊಟ್ಟ ಸಿ.ಡಿ. ಅದೇ. ಮೊದಲ ಬದಿ ಕೊನೆಯ ಹಾಡಿನ ನಡುವೆಯೇ ತಟ್ಟನೆ ನಿಲ್ಲುವುದೇಕೆಂದು ಕೇಳಿದವರಿಗೆಲ್ಲ ‘ಟೇಪು ಹಳತಾಗಿತ್ತು’ ಎಂದಿದ್ದೆ. ಅದು ಪೂರ್ತಿ ಸುಳ್ಳಲ್ಲ, ನಿಜವೂ ಅಲ್ಲ. ಮುದುಡಿದ ತುಂಡುಗಳನ್ನು ಎಸೆಯಲು ಮನಸ್ಸಾಗದೆ ಒಂದು ಲಕೋಟೆಗೆ ಹಾಕಿ, ಅಮ್ಮನ ಕುಂಕುಮದ ಭರಣಿಯಿರುವ ಪೆಟ್ಟಿಗೆಯಲ್ಲಿಟ್ಟೆ.

ಆ ಮೇಲಿನ ವರ್ಷಗಳಲ್ಲಿಯೂ ನಾನು ಲಿನಕ್ಸನ್ನು ಬಿಡಲಿಲ್ಲ. 2008ರಲ್ಲಿ ಉಬುಂಟುವಿನ ಹೊಸ ಆವೃತ್ತಿ ಹಾಕಿಕೊಂಡಾಗ ಮತ್ತೊಮ್ಮೆ ಪೇಚಾಡಿದ್ದೆ. ಅದರಲ್ಲಿ ಪಲ್ಸ್‌ಆಡಿಯೊ ಬಂದಿತ್ತು. ಲೆನಾರ್ಟ್ ಪೊಟರಿಂಗ್ ಎಂಬ ಜರ್ಮನಿಯವನು 2004ರಲ್ಲಿ ಆರಂಭಿಸಿದ್ದು ಅದು. ಎಲ್ಲ ತಂತ್ರಾಂಶಗಳ ಧ್ವನಿಯನ್ನೂ ತಾನೇ ಪಡೆದು, ಕೂಡಿ, ಒಂದಾಗಿ ಆಲ್ಸಾದ ಕೈಗೆ ಕೊಡುವ ಮಧ್ಯವರ್ತಿ. ಮೊದಲೆರಡು ವರ್ಷ ಧ್ವನಿ ತುಂಡಾಗುವುದು, ಕರಕರ ಎನ್ನುವುದು ನಡೆದೇ ಇತ್ತು. ಅವನು ಲೋಕದವರಿಂದೆಲ್ಲ ಬೈಸಿಕೊಂಡ. ಡ್ರೈವರುಗಳು ‘ಇಷ್ಟು ನುಡಿಸಿ ಮುಗಿಸಿದ್ದೇನೆ’ ಎಂದು ಹೇಳುತ್ತಿದ್ದ ಲೆಕ್ಕ ಹಲವು ಕಡೆ ತಪ್ಪಾಗಿತ್ತೆಂಬುದೂ, ಆ ಲೆಕ್ಕವನ್ನು ನಿಜವೆಂದು ನಂಬಿ ನಡೆದದ್ದರಿಂದ ಪಲ್ಸ್‌ಆಡಿಯೊ ಎಡವುತ್ತಿತ್ತೆಂಬುದೂ ಬಯ್ಯುವವರಿಗೆ ಗೊತ್ತಿರಲಿಲ್ಲ. ಅದರಿಂದಾಗಿಯೇ ಎಷ್ಟೋ ಡ್ರೈವರುಗಳು ತಿದ್ದಿಕೊಂಡವು.

ನನಗೆ ತುಂಬ ಇಷ್ಟವಾದ ಒಂದು ವಿಷಯವಿದೆ. 2004ರಲ್ಲಿ ಇಂಟೆಲ್ ‘ಹೈ ಡೆಫಿನಿಶನ್ ಆಡಿಯೊ’ ಎಂಬ ಹೊಸ ಮಾದರಿಯನ್ನು ತಂದಿತು. ಚಿಪ್ಪು ಒಂದೇ ಆದರೂ ಅದರ ಯಾವ ಕಾಲಿಗೆ ಹೆಡ್‌ಫೋನು, ಯಾವುದಕ್ಕೆ ಮೈಕು ಎಂಬುದನ್ನು ಲ್ಯಾಪ್‌ಟಾಪ್ ತಯಾರಿಸುವವರು ತಮಗೆ ತೋಚಿದಂತೆ ಜೋಡಿಸುತ್ತಾರೆ. ಜೋಡಿಸಿದ್ದನ್ನು ಯಂತ್ರದ ಬಯಾಸ್ ಸರಿಯಾಗಿ ಹೇಳಬೇಕು. ಅನೇಕ ಸಲ ಅದು ತಪ್ಪು ಹೇಳುತ್ತದೆ. ಆದ್ದರಿಂದ ಲಿನಕ್ಸಿನ ಡ್ರೈವರಿನೊಳಗೆ ನೂರಾರು ಸಾಲುಗಳ ಪಟ್ಟಿಯೊಂದಿದೆ: ಈ ಮಾದರಿಯ ಲ್ಯಾಪ್‌ಟಾಪಿಗೆ ಈ ತಿದ್ದುಪಡಿ, ಆ ಮಾದರಿಗೆ ಆ ತಿದ್ದುಪಡಿ. ಥೇಟ್ ನಮ್ಮ ಹಾಜರಿ ಪುಸ್ತಕದ ಷರಾ ಕಾಲಮ್ಮು. ‘ಇವನಿಗೆ ಎಡಗಿವಿ ಮಂದ, ಮುಂದೆ ಕೂರಿಸುವುದು’ ಎಂದು ಬರೆದುಕೊಳ್ಳುತ್ತಿರಲಿಲ್ಲವೆ, ಹಾಗೆ. ಜಪಾನಿನ ತಕಾಶಿ ಇವಾಯ್ ಎಂಬವರು ಬಹುಕಾಲದಿಂದ ಈ ಧ್ವನಿವಿಭಾಗದ ಉಸ್ತುವಾರಿ ನೋಡಿಕೊಂಡಿದ್ದಾರೆ. ಎಲ್ಲಿಯೋ ಇರುವ ಒಬ್ಬ ಹುಡುಗ ‘ನನ್ನ ಯಂತ್ರದಲ್ಲಿ ಧ್ವನಿಯಿಲ್ಲ’ ಎಂದು ಬರೆಯುತ್ತಾನೆ, ಪಟ್ಟಿಗೆ ಒಂದು ಸಾಲು ಸೇರುತ್ತದೆ, ಮುಂದೆ ಅದೇ ಯಂತ್ರ ಕೊಂಡವರಿಗೆಲ್ಲ ಧ್ವನಿ ಬರುತ್ತದೆ. 2005ರಲ್ಲಿ ನನ್ನ ಮನೆಯ ಸ್ಪೀಕರು ಡ್ರೈವರ್ ಸಿ.ಡಿ.ಯಿಲ್ಲದೆ ನುಡಿದದ್ದೂ ಇಂಥ ಯಾರದೋ ಕೆಲಸದಿಂದ.

ಇನ್ನು 2024ರ ಸಂಗತಿ. ದೀಪಾವಳಿಗೆ ತಂಗಿಯ ಮೊಮ್ಮಗ ಬೆಂಗಳೂರಿನಿಂದ ಬಂದಿದ್ದ. ಇಂಜಿನಿಯರಿಂಗ್ ಓದುವ ಹುಡುಗ. ಹೊಸ ಲ್ಯಾಪ್‌ಟಾಪಿಗೆ ಆರ್ಚ್ ಎಂಬ ಲಿನಕ್ಸ್ ಹಾಕಿಕೊಂಡು ಮುಖ ಸಪ್ಪೆ ಮಾಡಿಕೊಂಡಿದ್ದ. ವಿಚಾರಿಸಿದರೆ ಅದರಲ್ಲಿ ಧ್ವನಿಯಿಲ್ಲ! ಸ್ಪೀಕರಿನ ಹೆಸರಿರಬೇಕಾದಲ್ಲಿ ‘ಡಮ್ಮಿ ಔಟ್‌ಪುಟ್’ ಎಂದಿತ್ತು. ಕಾರ್ಡೇ ಸಿಗದಾಗ ಮಧ್ಯವರ್ತಿ ತೋರಿಸುವ ಉತ್ಸವಮೂರ್ತಿ ಅದು. “ಫರ್ಮ್‌ವೇರ್ ಹಾಕಿದ್ದೀಯಾ?” ಎಂದು ಕೇಳಿದೆ. ಈಗಿನ ಹಲವು ಲ್ಯಾಪ್‌ಟಾಪುಗಳಲ್ಲಿ ಧ್ವನಿಗೆಂದೇ ಪ್ರತ್ಯೇಕವಾದ ಒಂದು ಪುಟ್ಟ ಸಂಸ್ಕಾರಕವಿರುತ್ತದೆ. ಡ್ರೈವರಷ್ಟೇ ಸಾಲದು, ಆ ಸಂಸ್ಕಾರಕದೊಳಗೆ ಓಡಬೇಕಾದ ತಂತ್ರಾಂಶವೂ ಬೇಕು. ಆರ್ಚ್‌ನಲ್ಲಿ ಅದನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಹಾಕಿದ, ಮತ್ತೆ ಚಾಲೂ ಮಾಡಿದ, ಧ್ವನಿ ಬಂತು. ಹುಡುಗ ನನ್ನನ್ನು ನೋಡಿದ ನೋಟವನ್ನು ವರ್ಣಿಸುವುದು ಆತ್ಮಪ್ರಶಂಸೆಯಾದೀತು.

ಆ ಗುಂಗಿನಲ್ಲಿಯೇ ಅವನಿಗೆ ಲಕೋಟೆಯ ಕಥೆ ಹೇಳಿದೆ. ಅವನು ಬಿಡಲಿಲ್ಲ. “ಅಜ್ಜಾ, ಆ ತುಂಡುಗಳನ್ನು ಕೊಡು,” ಎಂದು ಕೊಂಡೊಯ್ದ. ಅವುಗಳನ್ನು ಬೆರಳಿನಿಂದ ನೀವಿ ನೀವಿ ನೆಟ್ಟಗೆ ಮಾಡಿ, ಸ್ಕ್ರೂ ತೆಗೆಯಬಹುದಾದ ಇನ್ನೊಂದು ಕ್ಯಾಸೆಟ್ಟಿನ ಡಬ್ಬಿಯೊಳಗೆ, ಅದಕ್ಕೆಂದೇ ಇರುವ ಅಂಟುಪಟ್ಟಿಯಿಂದ ಜೋಡಿಸಿಕೊಂಡು ಡಿಸೆಂಬರಿನಲ್ಲಿ ಮತ್ತೆ ಬಂದ. ಲ್ಯಾಪ್‌ಟಾಪಿಗೆ ಈಗ ತಿಳಿನೀಲಿ ಕಿಂಡಿಯೇ ಇಲ್ಲ. ಲೈನ್ ಕಿಂಡಿಯಿರುವ, ಯು.ಎಸ್.ಬಿ.ಗೆ ಚುಚ್ಚುವ ಒಂದು ಸಣ್ಣ ಡಬ್ಬಿಯನ್ನು ತಂದಿದ್ದ. ಅಂಥ ಡಬ್ಬಿಗಳೆಲ್ಲ ಮಾತಾಡಬೇಕಾದ ಭಾಷೆಯನ್ನು ಮೊದಲೇ ನಿಗದಿಪಡಿಸಿಟ್ಟಿರುವುದರಿಂದ ಸಾವಿರ ಡಬ್ಬಿಗೂ ಒಂದೇ ಡ್ರೈವರು ಸಾಕು. ಸೌಂಡ್ ಬ್ಲಾಸ್ಟರ್ ಕಾಲದವರಿಗೆ ಈ ಬುದ್ಧಿ ಇದ್ದಿದ್ದರೆ ಎಷ್ಟು ಜನರ ನಿದ್ದೆ ಉಳಿಯುತ್ತಿತ್ತೋ!

ಪಲ್ಸ್‌ಆಡಿಯೊದ ಜಾಗದಲ್ಲಿ ಈಗ ಪೈಪ್‌ವೈರ್ ಬಂದಿದೆ. ಬೆಲ್ಜಿಯಂನ ವಿಮ್ ಟೇಮನ್ಸ್ ರೂಪಿಸಿದ್ದು; ಫೆಡೋರಾದವರು 2021ರಲ್ಲಿ ಧ್ವನಿಗೆ ಅದನ್ನೇ ಮುಖ್ಯವಾಗಿಸಿಕೊಂಡರು, ಮಿಕ್ಕವರು ಹಿಂಬಾಲಿಸಿದರು. ತಳದಲ್ಲಿರುವ ಡ್ರೈವರುಗಳು ಇಂದಿಗೂ ಆಲ್ಸಾದವೇ. ಹುಡುಗ ಪರದೆಯ ಮೇಲೆ ಒಂದು ನಕ್ಷೆ ತೆರೆದ. ಯು.ಎಸ್.ಬಿ. ಡಬ್ಬಿಯದೊಂದು ಚೌಕ, ಆಡಾಸಿಟಿಯದೊಂದು ಚೌಕ, ನಡುವೆ ಗೆರೆ. ಧ್ವನಿ ಎಲ್ಲಿಂದ ಎಲ್ಲಿಗೆ ಹೋಗುತ್ತಿದೆಯೆಂಬುದು ಕಣ್ಣಿಗೇ ಕಾಣುತ್ತದೆ. 2006ರಲ್ಲಿ ಈ ನಕ್ಷೆ ಇದ್ದಿದ್ದರೆ ಎಂದುಕೊಂಡೆ. ಆಮೇಲೆ ಹೊಳೆಯಿತು: ಚಿಪ್ಪಿನೊಳಗಿನ ಆ ವಿದ್ಯುತ್ತಿನ ಕವಲು ಈ ನಕ್ಷೆಯಲ್ಲಿಯೂ ಕಾಣುತ್ತಿರಲಿಲ್ಲ. ಆದರೆ ಆಡಾಸಿಟಿಯ ಚೌಕಕ್ಕೆ ಯಾವ ಕಂಬದ ಧ್ವನಿ ಬರುತ್ತಿದೆಯೆಂದು ನೋಡುವ ಬುದ್ಧಿಯಾದರೂ ಬರುತ್ತಿತ್ತೋ ಏನೋ.

ಈ ಸಲ ನಾನು ಕಣ್ಣು ಮುಚ್ಚಲಿಲ್ಲ. ನಾಲ್ಕೂವರೆ ನಿಮಿಷವೂ ಏರಿಳಿಯುವ ಹಸಿರು ಪಟ್ಟಿಯನ್ನೇ ನೋಡುತ್ತ ಕುಳಿತೆ. ಏನು ಕೇಳಿದೆನೆಂದು ಕೇಳಿದರೆ ಆ ಹೊತ್ತಿಗೆ ಹೇಳುವ ಸ್ಥಿತಿಯಲ್ಲಿರಲಿಲ್ಲ.

ಟೇಪಿನ ಒಂದು ಅಂಚು ಹೆಚ್ಚು ನುಗ್ಗಾಗಿತ್ತು, ಇನ್ನೊಂದು ಅಷ್ಟಾಗಿ ಆಗಿರಲಿಲ್ಲ. ಹಾಗಾಗಿ ಎರಡನೆಯ ಬದಿಯ ಆರಂಭ ಬಹುಮಟ್ಟಿಗೆ ಉಳಿದಿದೆ. ಅಲ್ಲಿ ಅಮ್ಮನ ಜೊತೆ ಚಿಕ್ಕಮ್ಮನೂ ತೊಟ್ಟಿಲ ಹಾಡಿಗೆ ದನಿಗೂಡಿಸಿದ್ದಾಳೆ, ನನಗದು ಮರೆತೇಹೋಗಿತ್ತು. ಹಿನ್ನೆಲೆಯಲ್ಲಿ ಹಲಸಿನ ತೊಳೆ ಕುಟ್ಟುವ ಒನಕೆಯ ಸದ್ದು, ಹಾಡಿನ ತಾಳಕ್ಕೆ ಸ್ವಲ್ಪವೂ ಹೊಂದದೆ, ಕೊನೆಯವರೆಗೂ ಇದೆ. ಮೊದಲ ಬದಿಯ ಕೊನೆಯಲ್ಲಿ ಮಾತ್ರ ಉಳಿದದ್ದು ಹೆಚ್ಚಿನಂಶ ಕರಕರ ಸದ್ದು. ಅದರ ನಡುವೆ ಮೂರು ನಿಮಿಷ ಐವತ್ತು ಸೆಕೆಂಡಿನ ಸುಮಾರಿಗೆ ಒಂದು ಧ್ವನಿ ಬರುತ್ತದೆ. ಅದು ‘ಅಪ್ಪೀ’ ಎಂಬುದು ನನ್ನ ವಾದ. ಆ ಹೊತ್ತಿಗೆ ಅಡಿಗೆಮನೆಯ ಬಾಗಿಲು ಕಿರುಗುಟ್ಟಿದ ಸದ್ದು ಎಂಬುದು ತಂಗಿಯ ವಾದ. ಮೊಮ್ಮಗ ಗೊಂದಲದಲ್ಲಿದ್ದಾನೆ, ಆಡಾಸಿಟಿಯಲ್ಲಿ ಗದ್ದಲ ಕಡಿಮೆ ಮಾಡಿ ನೋಡಿದರೆ ಆ ಧ್ವನಿಯೂ ತೆಳುವಾಗುವುದರಿಂದ, ಮೂಲವನ್ನು ಮುಟ್ಟಬಾರದೆಂದು ನಾನು ಹೇಳಿದ್ದೇನೆ.

ಎರಡು ಕಡತಗಳೂ ನನ್ನ ಬಳಿ ಇವೆ. ಬೇಕಾದ ಬಂಧುಗಳು ತಿಳಿಸಿದರೆ ಕಳುಹಿಸುತ್ತೇನೆ. ಹಳೆಯ ಸಿ.ಡಿ. ಇರುವವರು ಅದರ ಮೊದಲ ಬದಿಯ ಕೊನೆಗೆ ಇದನ್ನು ಸೇರಿಸಿಕೊಳ್ಳಬಹುದು. ಹೆಡ್‌ಫೋನ್ ಹಾಕಿಕೊಂಡು ಮೂರು ನಿಮಿಷ ಐವತ್ತು ಸೆಕೆಂಡಿನ ಬಳಿ ಕೇಳಿ, ನಿಮಗೆ ಏನೆಂದು ಕೇಳಿಸಿತೋ ನನಗೂ ತಂಗಿಗೂ ಬರೆಯಿರಿ.